ಪಟಾಕಿಗೆ ಬೆದರದ ಆನೆ, ಪಂಪಿಗೆ ಮಣಿಯದ ಉಬ್ಬಸ

ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಕೊಡಗಿನ ನಾಪೋಕ್ಲಿನಲ್ಲಿ ಗೋಡೆಗಳು ಬೆವರುತ್ತವೆ, ಮಡಿಸಿಟ್ಟ ಕಂಬಳಿಗೂ ಬೂಷ್ಟು ಬರುತ್ತದೆ. ಉಬ್ಬಸವಿದ್ದವರ ಕೈಗೆ ನೀಲಿ ಪಂಪು (ಇನ್ಹೇಲರ್) ಬರುವುದೂ ಆಗಲೇ. ಮೊದಲು ಎರಡು ಸಲ ಎಳೆದರೆ ಸಾಕಿತ್ತು, ಈಗ ಆರು ಸಲಕ್ಕೂ ಕೇಳುವುದಿಲ್ಲ ಎನ್ನುವವರಿದ್ದಾರೆ. ತೋಟಕ್ಕಿಳಿವ ಆನೆಗೆ ದಿನವೂ ಪಟಾಕಿ ಸಿಡಿಸಿದರೆ ಕೊನೆಗದು ಕಿವಿಯನ್ನೂ ಅಲ್ಲಾಡಿಸುವುದಿಲ್ಲವಲ್ಲ, ಕೋಶದ ಸ್ವಭಾವವೂ ಸುಮಾರಾಗಿ ಅಂಥದೇ.

ಈ ಪಂಪಿನ ಕಥೆ ಶುರುವಾಗುವುದು ಅಡ್ರಿನಲಿನ್‌ನಿಂದ. ಅದು ಶುದ್ಧ ರೂಪದಲ್ಲಿ ಸಿಕ್ಕಿದ್ದು 1901ರಲ್ಲಿ, ಜೋಕಿಚಿ ತಕಮಿನೆಯಿಂದ. ಒಂದೇ ರಸ ರಕ್ತನಾಳವನ್ನು ಬಿಗಿದು ಶ್ವಾಸನಾಳವನ್ನು ಸಡಿಲಿಸುವುದು ಹೇಗೆ? ಅದನ್ನು ಬರಮಾಡಿಕೊಳ್ಳುವ ಕೋಶದ ಬಾಗಿಲುಗಳಾದ ಗ್ರಾಹಕಗಳಲ್ಲೇ ಆಲ್ಫಾ, ಬೀಟಾ ಎಂಬ ಎರಡು ಬಗೆಗಳಿವೆ ಎಂದು 1948ರಲ್ಲಿ ರೇಮಂಡ್ ಆಲ್ಕ್ವಿಸ್ಟ್ ಉತ್ತರಿಸಿದರು. ಮೊದಲು ಕಳಿಸಿದ ಪತ್ರಿಕೆ ಆ ಲೇಖನವನ್ನು ತಿರಸ್ಕರಿಸಿತ್ತು! ಆಲ್ಕ್ವಿಸ್ಟ್ ಉತ್ತರವನ್ನೇ ನೆಚ್ಚಿ ಜೇಮ್ಸ್ ಬ್ಲ್ಯಾಕ್ ಬೀಟಾ ಬಾಗಿಲು ಮುಚ್ಚುವ ಪ್ರೊಪ್ರನೊಲಾಲ್ ತಂದರು. ಹೃದಯಕ್ಕೆ ಹಿತ, ಉಬ್ಬಸದವರಿಗೆ ಆಪತ್ತು. 1969ರಲ್ಲಿ ಬಂದ ಸಾಲ್ಬುಟಮಾಲ್ ಬೀಟಾದಲ್ಲೇ ಶ್ವಾಸನಾಳದ ಬಗೆಯಾದ ಬೀಟಾ–2 ಬಾಗಿಲನ್ನು ತೆರೆಯುತ್ತದೆ. ನೀಲಿ ಪಂಪಿನಲ್ಲಿರುವುದು ಅದೇ.

ಬಾಗಿಲು ತೆರೆದ ಮೇಲೆ ಒಳಗೆ ಸುದ್ದಿ ಒಯ್ಯುವ ಅಣು ಸೈಕ್ಲಿಕ್ ಎಎಂಪಿ. ಅದನ್ನು ಕಂಡುಹಿಡಿದ ಅರ್ಲ್ ಸದರ್ಲೆಂಡ್‌ಗೆ 1971ರ ನೊಬೆಲ್ ಬಂತು. ಈ ಅಣುವನ್ನು ಒಡೆಯುವ ಕಿಣ್ವಕ್ಕೆ ಕೆಫೀನ್ ಅಡ್ಡಿ ಮಾಡುತ್ತದೆ. ಉಬ್ಬಸಕ್ಕೆ ಗಟ್ಟಿ ಕಾಫಿ ಒಳ್ಳೆಯದೆಂದು ವೈದ್ಯ ಹೈಡ್ ಸಾಲ್ಟರ್ 1859ರಲ್ಲೇ ಬರೆದಿದ್ದರು. ಹಾಗೆಂದು ಕೊಡಗಿನವರು ಬೆಲ್ಲದ ಕಾಫಿ ನಂಬಿ ಪಂಪು ಬಿಡಬಾರದು. ಆ ಕಿಣ್ವವನ್ನು ತಡೆಯಲು ಒಂದು ಲೋಟದ ಕೆಫೀನ್ ಏನೇನೂ ಸಾಲದು.

ಪಂಪನ್ನು ಮತ್ತೆ ಮತ್ತೆ ಎಳೆದಾಗ ಬಾಗಿಲು ಮಂಕಾಗುವ ಗುಟ್ಟು ಬಿಚ್ಚಿದವರು ಡ್ಯೂಕ್ ವಿಶ್ವವಿದ್ಯಾಲಯದ ರಾಬರ್ಟ್ ಲೆಫ್ಕೊವಿಟ್ಸ್ ಬಳಗದವರು. 1986ರಲ್ಲಿ ಬೀಟಾ–2ರ ಜೀನ್ ಕೈಗೆ ಬಂದಾಗ ಬೆರಗು ಕಾದಿತ್ತು: ಕೋಶಪೊರೆಯನ್ನು ಏಳು ಸಲ ಹೊಲಿದಂತೆ ಹಾಯುವ ಆ ಪ್ರೋಟೀನು ಕಣ್ಣಿನಲ್ಲಿ ಬೆಳಕು ಹಿಡಿಯುವ ರೊಡಾಪ್ಸಿನ್‌ನ ದಾಯಾದಿ. ಕಣ್ಣಿನಲ್ಲಿ ಬೆಳಕಿನ ಸಂಕೇತ ಆರಿಸಲು ಅರೆಸ್ಟಿನ್ ಇದ್ದರೆ, ಇಲ್ಲಿ ಬೀಟಾ–ಅರೆಸ್ಟಿನ್. ಔಷಧಿ ಬಿಡದೆ ಕೂತಾಗ ಒಂದು ಕಿಣ್ವ ಗ್ರಾಹಕದ ಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಅದನ್ನು ಕಂಡು ಅರೆಸ್ಟಿನ್ ಬಂದು ಅಡ್ಡಗಟ್ಟುತ್ತದೆ. ಇಷ್ಟೆಲ್ಲ ನಿಮಿಷಗಳಲ್ಲಿ. ಆಮೇಲೆ ಗ್ರಾಹಕವನ್ನೇ ಕೋಶ ಒಳಗೆಳೆದುಕೊಳ್ಳುತ್ತದೆ. ಬಿಡುವು ಸಿಕ್ಕರೆ ಅದು ಮರಳಿ ಮೇಲೆ ಬರುತ್ತದೆ, ಗಂಟೆಗಟ್ಟಲೆ ಒತ್ತಡವಿದ್ದರೆ ಚೂರಾಗುತ್ತದೆ. ಇದೇ ಬಳಗದಲ್ಲಿ ಕಲಿತ ಬ್ರಯಾನ್ ಕೊಬಿಲ್ಕಾ ಗ್ರಾಹಕ ಸುದ್ದಿ ದಾಟಿಸುತ್ತಿರುವ ಚಿತ್ರವನ್ನೇ 2011ರಲ್ಲಿ ಹಿಡಿದರು. ಮರುವರ್ಷ ಇಬ್ಬರಿಗೂ ನೊಬೆಲ್.

ಪಂಪು ಸೋಲುವುದಕ್ಕೆ ಗ್ರಾಹಕವೊಂದನ್ನೇ ದೂರುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಶ್ವಾಸನಾಳದ ಊತ ದೊಡ್ಡ ಅಪರಾಧಿ, ನೀಲಿ ಪಂಪು ಅದನ್ನು ಮುಟ್ಟುವುದೇ ಇಲ್ಲ. ಬೆಂಗಳೂರಿನಲ್ಲಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಉಬ್ಬಸ 1979ರಲ್ಲಿ ಶೇ. 9 ಇದ್ದದ್ದು 1999ರಲ್ಲಿ ಶೇ. 29.5ಕ್ಕೆ ಏರಿದ್ದನ್ನು ಡಾ. ಎಚ್. ಪರಮೇಶ್ ದಾಖಲಿಸಿದ್ದಾರೆ, ಇಷ್ಟು ಜನ ನೀಲಿ ಪಂಪೊಂದನ್ನೇ ನೆಚ್ಚಿದರೆ ಗತಿಯೇನು? ಎಳೆಯುವ ಸ್ಟೀರಾಯ್ಡ್ ಊತ ಇಳಿಸುವುದರ ಜೊತೆಗೆ ಹೊಸ ಬೀಟಾ–2 ಗ್ರಾಹಕಗಳನ್ನು ಕಟ್ಟಲು ಕೋಶಕ್ಕೆ ಕುಮ್ಮಕ್ಕು ಕೊಡುತ್ತದೆ. ಜಾಗತಿಕ ಉಬ್ಬಸ ಮಾರ್ಗಸೂಚಿ 2019ರಲ್ಲಿ ದೊಡ್ಡವರಿಗೂ ಹದಿಹರೆಯದವರಿಗೂ ಬರೀ ನೀಲಿ ಪಂಪು ಕೊಡುವುದು ಬೇಡವೆಂದಿತು, ಸ್ಟೀರಾಯ್ಡ್ ಜೊತೆಗಿರಲೇಬೇಕೆಂದಿತು.