ಕರ್ನಾಟಕದ ನಾಡಕುಸ್ತಿ

ನಾಡಕುಸ್ತಿ ಅಥವಾ ಮಟ್ಟಿಕುಸ್ತಿಯು ಕರ್ನಾಟಕದಲ್ಲಿ ಮಣ್ಣಿನ ಅಖಾಡದ ಮೇಲೆ ನಡೆಯುವ ಸಾಂಪ್ರದಾಯಿಕ ಮಲ್ಲಯುದ್ಧವಾಗಿದೆ. ಇದರ ತರಬೇತಿ ನಡೆಯುವ ಸ್ಥಳವನ್ನು ಗರಡಿ ಮನೆ ಅಥವಾ ತಾಲೀಮು ಎಂದೂ, ಅಭ್ಯಾಸಿಗಳನ್ನು ಪೈಲ್ವಾನ್, ಜಟ್ಟಿ ಅಥವಾ ಮಲ್ಲ ಎಂದೂ, ಗುರುವನ್ನು ಉಸ್ತಾದ್ ಅಥವಾ ವಸ್ತಾದ ಎಂದೂ ಕರೆಯಲಾಗುತ್ತದೆ. ಮೈಸೂರು, ಬೆಳಗಾವಿ, ಧಾರವಾಡ, ಬಾಗಲಕೋಟೆ, ದಾವಣಗೆರೆ ಮತ್ತು ಬಳ್ಳಾರಿ ಭಾಗಗಳಲ್ಲಿ ಜಾತ್ರೆ, ಉರುಸು ಹಾಗೂ ದಸರಾ ಸಂದರ್ಭಗಳಲ್ಲಿ ಕುಸ್ತಿ ಪಂದ್ಯಗಳು ನಡೆಯುತ್ತವೆ. ದೇಹಬಲದ ಜೊತೆಗೆ ಪೈಲ್ವಾನನ ನಡತೆಯನ್ನೂ ಅಳೆಯುವುದು ಈ ಸಂಪ್ರದಾಯದ ಪ್ರಮುಖ ಲಕ್ಷಣವಾಗಿದೆ. ಇಲ್ಲಿನ ಆಚಾರಗಳು ಬಹುತೇಕ ಲಿಖಿತ ರೂಪದಲ್ಲಿಲ್ಲ. ಅವುಗಳನ್ನು ಗುರುವಿನ ಮಾತು ಮತ್ತು ಪ್ರೇಕ್ಷಕರ ತೀರ್ಪು ಉಳಿಸಿಕೊಂಡು ಬಂದಿವೆ.

ಹೆಸರುಗಳು

'ಮಲ್ಲ' ಎಂಬ ಪದವು ಕನ್ನಡ ನಾಡಿನಲ್ಲಿ ರಾಜರ ಬಿರುದಾಗಿಯೂ ಬಳಕೆಯಲ್ಲಿತ್ತು. ಕಲ್ಯಾಣ ಚಾಲುಕ್ಯರಲ್ಲಿ ಒಂದನೆಯ ಸೋಮೇಶ್ವರನಿಗೆ ಆಹವಮಲ್ಲ, ಆರನೆಯ ವಿಕ್ರಮಾದಿತ್ಯನಿಗೆ ತ್ರಿಭುವನಮಲ್ಲ, ಮೂರನೆಯ ಸೋಮೇಶ್ವರನಿಗೆ ಭೂಲೋಕಮಲ್ಲ ಎಂಬ ಬಿರುದುಗಳಿದ್ದವು. 'ಜಟ್ಟಿ' ಎಂಬುದು ಸಂಸ್ಕೃತದ 'ಜ್ಯೇಷ್ಠ' ಪದದಿಂದ ಬಂದಿದೆ ಎಂದು ಹೇಳಲಾಗುತ್ತದೆ. 'ಪೈಲ್ವಾನ್' ಮತ್ತು 'ಉಸ್ತಾದ್' ಪದಗಳು ಪಾರಸಿ ಮೂಲದವು. ಒಂದೇ ಅಖಾಡದಲ್ಲಿ ಸಂಸ್ಕೃತ, ಕನ್ನಡ ಮತ್ತು ಪಾರಸಿ ಮೂಲದ ಪದಗಳು ಒಟ್ಟಿಗೆ ಬಳಕೆಯಲ್ಲಿರುವುದು, ಈ ವಿದ್ಯೆಯನ್ನು ಹಿಂದೂ ಮತ್ತು ಮುಸ್ಲಿಂ ಸಮುದಾಯಗಳೆರಡೂ ಬೆಳೆಸಿರುವುದರ ಗುರುತಾಗಿದೆ. ತುಳುನಾಡಿನಲ್ಲಿ 'ಗರಡಿ' ಎಂಬ ಪದಕ್ಕೆ ಬೇರೊಂದು ಅರ್ಥವೂ ಇದೆ. ಅಲ್ಲಿ ವೀರರಾದ ಕೋಟಿ-ಚೆನ್ನಯರ ಆರಾಧನಾ ಸ್ಥಳಗಳನ್ನು ಗರಡಿಗಳೆಂದು ಕರೆಯುತ್ತಾರೆ.

ಇತಿಹಾಸ

ಪಂಪನ 'ಆದಿಪುರಾಣ'ದಲ್ಲಿ (ಕ್ರಿ.ಶ. 941) ಬರುವ ಭರತ-ಬಾಹುಬಲಿಯರ ಪ್ರಸಂಗವು ಕನ್ನಡ ಸಾಹಿತ್ಯದಲ್ಲಿ ಮಲ್ಲಯುದ್ಧದ ಪ್ರಸಿದ್ಧ ನಿರೂಪಣೆಗಳಲ್ಲೊಂದು. ಸೈನ್ಯಗಳ ನಾಶವನ್ನು ತಪ್ಪಿಸಲು ಸಹೋದರರು ದೃಷ್ಟಿಯುದ್ಧ, ಜಲಯುದ್ಧ ಮತ್ತು ಮಲ್ಲಯುದ್ಧಗಳಲ್ಲಿ ತೊಡಗುತ್ತಾರೆ. ಮೂರರಲ್ಲಿಯೂ ಗೆದ್ದ ಬಾಹುಬಲಿಯು ಅಣ್ಣನನ್ನು ಮೇಲಕ್ಕೆತ್ತಿದರೂ ನೆಲಕ್ಕೆ ಅಪ್ಪಳಿಸದೆ ಇಳಿಸಿ, ರಾಜ್ಯವನ್ನು ತ್ಯಜಿಸುತ್ತಾನೆ. ಕುಮಾರವ್ಯಾಸನ ಭಾರತದಲ್ಲಿ ಬರುವ ಭೀಮ-ಜರಾಸಂಧರ ಕಾಳಗವೂ ಜನಪ್ರಿಯವಾಗಿದೆ.

ಭೂಲೋಕಮಲ್ಲ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮಲ್ಲವಿನೋದ' ಎಂಬ ಭಾಗವಿದೆ. ಅದು ಮಲ್ಲರನ್ನು ವಯಸ್ಸು, ದೇಹಗಾತ್ರ ಮತ್ತು ಬಲದ ಆಧಾರದ ಮೇಲೆ ವರ್ಗೀಕರಿಸಿ, ಅವರ ವ್ಯಾಯಾಮ ಮತ್ತು ಆಹಾರವನ್ನು ವಿವರಿಸುತ್ತದೆ. ಮಲ್ಲರ ಪೋಷಣೆ ಅಲ್ಲಿ ರಾಜನ ಹೊಣೆಯಾಗಿದೆ. ಇಂದಿನ ಬಳ್ಳಾರಿ ಜಿಲ್ಲೆಯ ಕುರುಗೋಡಿನಿಂದ ಆಳುತ್ತಿದ್ದ ಸಿಂದರು ಇದೇ ಚಾಲುಕ್ಯರ ಸಾಮಂತರಾಗಿದ್ದರು.

ವಿಜಯನಗರ ಕಾಲದ ಕುಸ್ತಿಯ ಬಗ್ಗೆ ಶಿಲ್ಪ ಮತ್ತು ಬರಹ ಎರಡೂ ಬಗೆಯ ಆಧಾರಗಳಿವೆ. ಹಂಪಿಯ ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಕುಸ್ತಿಯ ಉಬ್ಬುಶಿಲ್ಪಗಳಿವೆ. ಕೃಷ್ಣದೇವರಾಯನ ಕಾಲದಲ್ಲಿ ಭೇಟಿ ನೀಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅರಸನು ಬೆಳಗಾಗುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿವರಸೆ ಮಾಡಿ, ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ತನ್ನ ಮಲ್ಲನೊಬ್ಬನೊಡನೆ ಕುಸ್ತಿಯಾಡುತ್ತಿದ್ದನೆಂದು ದಾಖಲಿಸಿದ್ದಾನೆ. ಮಹಾನವಮಿಯ ಪಂದ್ಯಗಳಲ್ಲಿ ಹಲ್ಲು ಮುರಿಯುವಷ್ಟು, ಮುಖ ವಿರೂಪಗೊಳ್ಳುವಷ್ಟು ಬಲವಾದ ಹೊಡೆತಗಳು ಬೀಳುತ್ತಿದ್ದವೆಂದು ಅವನು ಹೇಳುತ್ತಾನೆ. ಇಬ್ಬರನ್ನೂ ಸಮಾನವಾಗಿ ನಿಲ್ಲಿಸಲು ಮತ್ತು ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ನಾಯಕರು ಮತ್ತು ತೀರ್ಪುಗಾರರು ಇದ್ದರೆಂಬುದೂ ಅವನ ಬರಹದಲ್ಲಿದೆ. ಮತ್ತೊಬ್ಬ ಪೋರ್ಚುಗೀಸ್ ಬರಹಗಾರ ನೂನಿಜ್, ಅರಮನೆಯಲ್ಲಿ ಕುಸ್ತಿಯಾಡುವ ಮಹಿಳೆಯರೂ ಇದ್ದರೆಂದು ತಿಳಿಸುತ್ತಾನೆ.

ವಿಜಯನಗರದ ನಂತರ ಮೈಸೂರಿನ ಒಡೆಯರು ಈ ಕಲೆಗೆ ಆಶ್ರಯ ನೀಡಿದರು. ರಣಧೀರ ಕಂಠೀರವ ನರಸರಾಜ ಒಡೆಯರು (ಆಳ್ವಿಕೆ 1638–1659) ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಪ್ರಸಿದ್ಧ ಜಟ್ಟಿಯನ್ನು ಸೋಲಿಸಿದರೆಂಬ ಐತಿಹ್ಯ ಪ್ರಚಲಿತದಲ್ಲಿದೆ. ಉತ್ತರದ ಗಡಿಭಾಗದ ಮೇಲೆ ಕೊಲ್ಹಾಪುರದ ಶಾಹು ಮಹಾರಾಜರ ಪ್ರೋತ್ಸಾಹದ ಪ್ರಭಾವ ಹೆಚ್ಚು. ಬೆಳಗಾವಿ ಜಿಲ್ಲೆಯ ಯಕ್ಸಂಬಾ ಮೂಲದ ಶ್ರೀಪತಿ ಖಂಚನಾಳೆ ಅವರು ಕೊಲ್ಹಾಪುರದಲ್ಲಿ ತಾಲೀಮು ಪಡೆದು 1959ರಲ್ಲಿ 'ಹಿಂದ್ ಕೇಸರಿ' ಬಿರುದು ಗಳಿಸಿದರು.

ಗರಡಿ ಮನೆ

ಗರಡಿ ಮನೆಯ ಕೇಂದ್ರಭಾಗವೇ ಮಟ್ಟಿ, ಅಂದರೆ ಹದಗೊಳಿಸಿದ ಕೆಮ್ಮಣ್ಣಿನ ಅಂಕಣ. ಕಲ್ಲು, ಬೇರುಗಳನ್ನು ತೆಗೆದು ಜರಡಿ ಹಿಡಿದ ಮಣ್ಣಿಗೆ ಅರಿಶಿನ, ಎಣ್ಣೆ, ಮಜ್ಜಿಗೆ ಮೊದಲಾದವುಗಳನ್ನು ಬೆರೆಸುತ್ತಾರೆ. ಬೆರೆಸುವ ವಸ್ತುಗಳು ಊರಿಂದೂರಿಗೆ ಭಿನ್ನವಾಗಿವೆ. ಮಣ್ಣು ಗಟ್ಟಿಯಾಗದಂತೆ ಪ್ರತಿದಿನ ಅಗೆದು ಸಡಿಲಗೊಳಿಸುವ ಕೆಲಸ ಶಿಷ್ಯರದು. ಇದು ಸೇವೆಯೂ ಹೌದು, ತೋಳು ಮತ್ತು ಸೊಂಟಕ್ಕೆ ವ್ಯಾಯಾಮವೂ ಹೌದು. ಗರಡಿಗಳಲ್ಲಿ ಸಾಮಾನ್ಯವಾಗಿ ಆಂಜನೇಯನ ಚಿತ್ರ ಅಥವಾ ವಿಗ್ರಹವಿರುತ್ತದೆ.

ಸಾಮು ಮಾಡಲು ಬಳಸುವ ಮುಖ್ಯ ಸಾಧನಗಳು ಹಾಗೂ ವ್ಯಾಯಾಮಗಳು:
• ಗದೆ ಮತ್ತು ಕರ್ಲಕಟ್ಟೆ – ಭುಜ ಮತ್ತು ಮುಂಗೈಗಳ ಬಲಕ್ಕಾಗಿ ಬೀಸುವ ಸಾಧನಗಳು
• ಗುಂಡುಕಲ್ಲು – ಎತ್ತುವ ಭಾರ
• ಮಲ್ಲಕಂಬ – ಹಿಡಿತ ಮತ್ತು ಮೈಬಾಗುವಿಕೆಗಾಗಿ ನೆಟ್ಟ ಕಂಬ
• ದಂಡ ಮತ್ತು ಬಸ್ಕಿ – ಸಾಧನವಿಲ್ಲದೆ ಮಾಡುವ ವ್ಯಾಯಾಮಗಳು

ಹಾಲು, ತುಪ್ಪ, ಬಾದಾಮಿ, ಮೊಟ್ಟೆ, ಮಾಂಸಗಳನ್ನು ಒಳಗೊಂಡ ಪೈಲ್ವಾನನ ಆಹಾರವನ್ನು 'ಖುರಾಕು' ಎನ್ನುತ್ತಾರೆ. ಇದರ ವೆಚ್ಚ ಬಡ ಕುಟುಂಬಗಳಿಗೆ ಭಾರವಾದುದರಿಂದ ಅನೇಕ ಊರುಗಳಲ್ಲಿ ಜನರು ವಂತಿಗೆ ಕೂಡಿಸಿ ಪೈಲ್ವಾನನನ್ನು ಸಾಕುತ್ತಿದ್ದರು. ಹೀಗೆ ಬೆಳೆದವನು ಊರಿನ ಹೆಸರಿನಲ್ಲಿ ಕಣಕ್ಕಿಳಿಯುತ್ತಿದ್ದನು. ಅವನ ಗೆಲುವಿನ ಜೊತೆಗೆ ಅವನ ದುರ್ನಡತೆಯೂ ಊರಿನ ಲೆಕ್ಕಕ್ಕೆ ಸೇರುತ್ತಿತ್ತು.

ಆಚಾರ ಮತ್ತು ನಡತೆ

ಗರಡಿಯೊಳಗೆ ಪಾದರಕ್ಷೆ ಧರಿಸುವಂತಿಲ್ಲ. ಮಟ್ಟಿಗೆ ಇಳಿಯುವ ಮುನ್ನ ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು. ಮದ್ಯ, ತಂಬಾಕುಗಳಿಂದ ದೂರವಿರುವುದು, ತಾಲೀಮಿನ ಅವಧಿಯಲ್ಲಿ ಬ್ರಹ್ಮಚರ್ಯ ಪಾಲಿಸುವುದು, ಹಿರಿಯ ಪೈಲ್ವಾನರಿಗೆ ನಮಸ್ಕರಿಸುವುದು ಸಾಂಪ್ರದಾಯಿಕ ನಿಯಮಗಳು. ಕಲಿತ ಪಟ್ಟುಗಳನ್ನು ಬೀದಿ ಜಗಳದಲ್ಲಿ ಬಳಸುವುದನ್ನು ಗಂಭೀರ ತಪ್ಪೆಂದು ಪರಿಗಣಿಸಲಾಗುತ್ತದೆ.

ಪಂದ್ಯಕ್ಕೂ ಮೊದಲು ವಯಸ್ಸು, ತೂಕ ಮತ್ತು ಅನುಭವ ನೋಡಿ ಹಿರಿಯರು ಸರಿಸಮಾನರನ್ನು ಗೊತ್ತುಪಡಿಸುತ್ತಾರೆ. ಇದನ್ನು 'ಜೋಡಿ ಕಟ್ಟುವುದು' ಎನ್ನುತ್ತಾರೆ. ಎದುರಾಳಿಗಳು ಕೈ ಮಿಲಾಯಿಸಿ, ಹಿಡಿತ ಜಾರದಂತೆ ಪರಸ್ಪರರ ಮೈಗೆ ಮಣ್ಣು ಹಾಕಿ, ತೊಡೆ ತಟ್ಟಿ ಸೆಣಸಾಟ ಆರಂಭಿಸುತ್ತಾರೆ. ಎದುರಾಳಿಯ ಬೆನ್ನನ್ನು ನೆಲಕ್ಕೆ ತಾಗಿಸುವುದೇ ಗೆಲುವು; ಇದಕ್ಕೆ 'ಚಿತ್ ಮಾಡುವುದು' ಎಂದು ಹೆಸರು. ಗುದ್ದುವುದು, ಕಚ್ಚುವುದು, ಬೆರಳು ತಿರುಚುವುದು ನಿಷಿದ್ಧ. ಗೆದ್ದವನು ಗುರುವಿನ ಪಾದ ಮುಟ್ಟಿ, ಸೋತವನನ್ನು ಎಬ್ಬಿಸಿ ಅಪ್ಪಿಕೊಳ್ಳುವುದು ಉತ್ತಮ ನಡತೆ. ಬೆಳ್ಳಿ ಕಡಗ, ಬೆಳ್ಳಿ ಗದೆ ಮತ್ತು ನಗದು ಇಲ್ಲಿನ ಪ್ರಮುಖ ಬಹುಮಾನಗಳು.

ಪ್ರೇಕ್ಷಕರ ಪಾತ್ರ

ಹಳ್ಳಿಯ ಕುಸ್ತಿಯಲ್ಲಿ ಪ್ರೇಕ್ಷಕರು ಕೇವಲ ನೋಡುಗರಲ್ಲ. ಉತ್ತರ ಕರ್ನಾಟಕದಲ್ಲಿ ಹಲಗೆಯ ಸದ್ದಿನ ನಡುವೆ ಅಖಾಡದ ಸುತ್ತ ನೆಲದ ಮೇಲೆ ಕುಳಿತವರಲ್ಲಿ ಹಲವರು ಸ್ವತಃ ಮಾಜಿ ಪೈಲ್ವಾನರಾಗಿರುತ್ತಾರೆ. ಮೆಚ್ಚಿದ ಪಟ್ಟಿಗೆ ಅಲ್ಲಿಯೇ ಹಣದ ಬಹುಮಾನ ಘೋಷಿಸುವುದೂ, ಜೋಡಿ ಸರಿಯಿಲ್ಲದಿದ್ದರೆ ಕೂಗಿ ಆಕ್ಷೇಪಿಸುವುದೂ ಸಾಮಾನ್ಯ. ಇಬ್ಬರೂ ಮೊದಲೇ ಮಾತನಾಡಿಕೊಂಡು ಕಾಲ ಕಳೆಯುತ್ತಿದ್ದಾರೆಂಬ ಅನುಮಾನ ಬಂದರೆ ಆ ಅಪವಾದ ಸೋಲಿಗಿಂತ ದೊಡ್ಡದಾಗಿ ಉಳಿಯುತ್ತದೆ. ಜಾತ್ರೆ ಮುಗಿದ ಮೇಲೂ ಯಾರು ಗೆದ್ದರು ಎಂಬುದರಷ್ಟೇ ಹೇಗೆ ಗೆದ್ದರು ಎಂಬುದೂ ಕಟ್ಟೆಯ ಮೇಲಿನ ಚರ್ಚೆಯ ವಿಷಯವಾಗಿರುತ್ತದೆ.

ವಜ್ರಮುಷ್ಟಿ ಕಾಳಗ

ಮೈಸೂರು ದಸರಾದ ವಿಜಯದಶಮಿಯಂದು ಅರಮನೆಯ ಆವರಣದಲ್ಲಿ ಜಟ್ಟಿ ಸಮುದಾಯದವರು ನಡೆಸುವ ಕಾಳಗವಿದು. ತಲೆ ಬೋಳಿಸಿಕೊಂಡ ಜಟ್ಟಿಗಳು ಬಲಗೈಗೆ ಮೊನಚಾದ ವಜ್ರನಖವನ್ನು ಧರಿಸಿ ಹೋರಾಡುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಇದು ನಾಡಕುಸ್ತಿಯ ಪಂದ್ಯವಲ್ಲ, ಧಾರ್ಮಿಕ ವಿಧಿ. ಇದರಲ್ಲಿ ಗೆಲುವಿಗಿಂತ ವಿಧಿಯ ಪೂರ್ಣತೆ ಮುಖ್ಯವಾಗಿದೆ.

ಮಹಿಳೆಯರು ಮತ್ತು ಅಖಾಡ

ಸಾಂಪ್ರದಾಯಿಕ ಗರಡಿಗಳಿಗೆ ಮಹಿಳೆಯರ ಪ್ರವೇಶ ಇರಲಿಲ್ಲ. ಬ್ರಹ್ಮಚರ್ಯ ಮತ್ತು ಮಟ್ಟಿಯ ಪಾವಿತ್ರ್ಯ ಇದಕ್ಕೆ ನೀಡಲಾಗುತ್ತಿದ್ದ ಕಾರಣಗಳು. ಆದರೆ ನೂನಿಜ್‌ನ ಉಲ್ಲೇಖವು ನಿರ್ಬಂಧವು ಎಲ್ಲ ಕಾಲಕ್ಕೂ, ಎಲ್ಲ ಕಡೆಗೂ ಒಂದೇ ಆಗಿರಲಿಲ್ಲ ಎಂಬುದನ್ನು ಸೂಚಿಸುತ್ತದೆ. 2004ರಲ್ಲಿ ಮಹಿಳಾ ಕುಸ್ತಿ ಒಲಿಂಪಿಕ್ಸ್‌ಗೆ ಸೇರಿತು. 2016ರಲ್ಲಿ ಸಾಕ್ಷಿ ಮಲಿಕ್ ಒಲಿಂಪಿಕ್ ಪದಕ ಗೆದ್ದ ಭಾರತದ ಮೊದಲ ಮಹಿಳಾ ಕುಸ್ತಿಪಟುವಾದರು. ಮೈಸೂರು ದಸರಾ ಕುಸ್ತಿಯಲ್ಲಿ ಪುರುಷರಿಗೆ 'ದಸರಾ ಕೇಸರಿ', 'ದಸರಾ ಕುಮಾರ' ಬಿರುದುಗಳಿರುವಂತೆ ಮಹಿಳೆಯರಿಗೆ 'ದಸರಾ ಕಿಶೋರಿ' ಬಿರುದು ನೀಡಲಾಗುತ್ತದೆ. ಮಹಿಳೆಯರ ತರಬೇತಿ ಹೆಚ್ಚಾಗಿ ಮ್ಯಾಟ್ ಮೇಲೆ ನಡೆಯುವುದರಿಂದ, ಹಳೆಯ ಗರಡಿಯ ಬಾಗಿಲು ಅವರಿಗೆ ತೆರೆಯಬೇಕೇ ಎಂಬ ಪ್ರಶ್ನೆ ಹಲವೆಡೆ ಇತ್ಯರ್ಥವಾಗದೆ ಉಳಿದಿದೆ.

ಸುಮೊ ಕುಸ್ತಿಯೊಂದಿಗೆ ಹೋಲಿಕೆ

ಜಪಾನಿನ ಸುಮೊ ಮತ್ತು ನಾಡಕುಸ್ತಿಗಳ ನಡುವೆ ಹಲವು ಸಾಮ್ಯಗಳಿವೆ. ಸುಮೊ ಪಂದ್ಯವು 4.55 ಮೀಟರ್ ವ್ಯಾಸದ ಮಣ್ಣಿನ ವೃತ್ತದಲ್ಲಿ ನಡೆಯುತ್ತದೆ. ಮಲ್ಲರು ಉಪ್ಪು ಎರಚಿ ಕಣವನ್ನು ಶುದ್ಧಗೊಳಿಸುತ್ತಾರೆ. ಅತ್ಯುನ್ನತ ದರ್ಜೆಯಾದ 'ಯೊಕೊಝುನ'ಕ್ಕೆ ಏರಲು ಬಲದ ಜೊತೆಗೆ ಘನತೆಯೂ ಅಗತ್ಯ. ಗೆದ್ದ ಕೂಡಲೇ ಕೈಯೆತ್ತಿ ಸಂಭ್ರಮಿಸುವುದು ಅನುಚಿತವೆನಿಸುತ್ತದೆ. ಯೊಕೊಝುನ ಅಸಶೊರ್ಯು 2010ರಲ್ಲಿ ಕಣದ ಹೊರಗಿನ ವರ್ತನೆಯ ಕುರಿತ ವಿವಾದದ ಬಳಿಕ ನಿವೃತ್ತರಾದರು. ಪಂದ್ಯಗಳನ್ನು ಮೊದಲೇ ನಿರ್ಧರಿಸಿಕೊಂಡ ಹಗರಣದಿಂದಾಗಿ 2011ರ ಮಾರ್ಚ್ ಪಂದ್ಯಾವಳಿ ರದ್ದಾಯಿತು. 2018ರಲ್ಲಿ ಮೈಝುರು ನಗರದಲ್ಲಿ ಕಣದ ಮೇಲೆ ಕುಸಿದ ಮೇಯರ್‌ಗೆ ಪ್ರಥಮ ಚಿಕಿತ್ಸೆ ನೀಡುತ್ತಿದ್ದ ಮಹಿಳೆಯರಿಗೆ ಕಣದಿಂದ ಇಳಿಯುವಂತೆ ಸೂಚಿಸಲಾಯಿತು. ಇದು ಟೀಕೆಗೆ ಗುರಿಯಾಗಿ ಸುಮೊ ಸಂಘದ ಅಧ್ಯಕ್ಷರು ಕ್ಷಮೆ ಕೋರಿದರು.

ಇವೆರಡರ ಮುಖ್ಯ ವ್ಯತ್ಯಾಸ ನಿಯಂತ್ರಣದಲ್ಲಿದೆ. ಸುಮೊದಲ್ಲಿ ಒಂದೇ ಕೇಂದ್ರ ಸಂಘವು ದರ್ಜೆ, ವೇತನ ಮತ್ತು ಶಿಸ್ತನ್ನು ನಿರ್ಧರಿಸುತ್ತದೆ. ನಾಡಕುಸ್ತಿಯಲ್ಲಿ ಗುರು, ಊರ ಹಿರಿಯರು ಮತ್ತು ಪ್ರೇಕ್ಷಕರೇ ಆ ಕೆಲಸ ಮಾಡುತ್ತಾರೆ. ಆದ್ದರಿಂದ ಒಂದು ಗರಡಿ ಮುಚ್ಚಿದಾಗ ಅದರೊಂದಿಗೆ ಆ ಊರಿನ ಆಚಾರವೂ ಮರೆಯಾಗುತ್ತದೆ.

ಇಂದಿನ ಸ್ಥಿತಿ

ಅಂತರರಾಷ್ಟ್ರೀಯ ಕುಸ್ತಿಯು ಮ್ಯಾಟ್ ಮೇಲೆ, ತಲಾ 3 ನಿಮಿಷಗಳ 2 ಅವಧಿಗಳಲ್ಲಿ, ಅಂಕಗಳ ಆಧಾರದ ಮೇಲೆ ನಡೆಯುತ್ತದೆ. ಇದನ್ನು 'ಪಾಯಿಂಟ್ ಕುಸ್ತಿ' ಎನ್ನುತ್ತಾರೆ. ಮಣ್ಣಿನಲ್ಲಿ ದೀರ್ಘಕಾಲ ತಾಳಿಕೊಂಡು ಆಡುವ ಕ್ರಮಕ್ಕೂ ಮ್ಯಾಟ್‌ನ ವೇಗಕ್ಕೂ ಹೊಂದಾಣಿಕೆ ಸುಲಭವಲ್ಲ. ಕ್ರೀಡಾ ವಸತಿನಿಲಯಗಳು ಮ್ಯಾಟ್ ತರಬೇತಿ ನೀಡುತ್ತಿವೆ. ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ ಅವರು 2020ರ ಏಷ್ಯನ್ ಚಾಂಪಿಯನ್‌ಷಿಪ್‌ನ ಗ್ರೀಕೊ-ರೋಮನ್ 55 ಕೆ.ಜಿ. ವಿಭಾಗದಲ್ಲಿ ಕಂಚಿನ ಪದಕ ಗೆದ್ದರು. ಅದೇ ವರ್ಷ ಧಾರವಾಡದಲ್ಲಿ 'ಕರ್ನಾಟಕ ಕುಸ್ತಿ ಹಬ್ಬ' ನಡೆಯಿತು. ಹಂಪಿ ಉತ್ಸವದಲ್ಲಿಯೂ ಕುಸ್ತಿ ಪಂದ್ಯಗಳು ನಡೆದಿವೆ. ಮಾಜಿ ಕುಸ್ತಿಪಟುಗಳಿಗೆ ರಾಜ್ಯ ಸರ್ಕಾರ ಮಾಸಾಶನ ನೀಡುತ್ತದೆ. ಆದರೂ ಖುರಾಕಿನ ವೆಚ್ಚ, ನಗರಗಳಲ್ಲಿ ಜಾಗದ ಕೊರತೆ ಮತ್ತು ಆಧುನಿಕ ಜಿಮ್‌ಗಳ ಆಕರ್ಷಣೆಯಿಂದ ಹಳೆಯ ಗರಡಿಗಳು ಕಡಿಮೆಯಾಗುತ್ತಿವೆ.

ಭಾಷೆ ಮತ್ತು ಜನಪ್ರಿಯ ಸಂಸ್ಕೃತಿಯಲ್ಲಿ

'ಪಟ್ಟು ಹಿಡಿ', 'ತೊಡೆ ತಟ್ಟು', 'ಅಖಾಡಕ್ಕೆ ಇಳಿ', 'ಮಣ್ಣು ಮುಕ್ಕಿಸು' ಮೊದಲಾದ ನುಡಿಗಟ್ಟುಗಳು ಕುಸ್ತಿಯ ಲೋಕವನ್ನು ನೆನಪಿಸುತ್ತವೆ. ಸೋಲನ್ನು ಒಪ್ಪಿಕೊಳ್ಳದವರನ್ನು ಕುರಿತು 'ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂಬ ಗಾದೆಯಿದೆ. ಕುಸ್ತಿಯನ್ನು ವಸ್ತುವಾಗುಳ್ಳ ಕನ್ನಡ ಚಲನಚಿತ್ರಗಳಲ್ಲಿ 'ಪೈಲ್ವಾನ್' (2019) ಮತ್ತು 'ಗರಡಿ' (2023) ಸೇರಿವೆ.

ಇವನ್ನೂ ನೋಡಿ

• ಮಲ್ಲಯುದ್ಧ
• ಮಲ್ಲಕಂಬ
• ಮಾನಸೋಲ್ಲಾಸ
• ಮೈಸೂರು ದಸರಾ
• ಮಹಾನವಮಿ ದಿಬ್ಬ
• ಸುಮೊ