ವಿದುರ ಬೇಡ ಅಂದ ಜೂಜು, ಶ್ರೀಚಕ್ರ ತೋರಿಸಿ ಕರೆಯೋ ಮಾರ್ಕೆಟ್ಟು

ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಗೌರಿಬಿದನೂರು ಕಡೆ ಹುಡುಗರ ಫೋನಿನಲ್ಲಿ ಈಗ ಹೊಸ ದೇವರೊಂದು ಬಂದು ಕೂತಿದೆ. ಶ್ರೀಚಕ್ರದ ಚಿತ್ರ, ಅದರ ಮೇಲೆ ನಿಫ್ಟಿಯ ಏರಿಳಿತದ ಗೆರೆ, ಪಕ್ಕದಲ್ಲಿ ರಾಹು ಕೇತುಗಳ ಸ್ಥಾನ. ನಮ್ಮ ಋಷಿಗಳಿಗೆ ನಾಳೆಯ ರೇಟು ಗೊತ್ತಿತ್ತು, ಆ ವಿದ್ಯೆ ನಮ್ಮ ಹತ್ರ ಇದೆ, ಟೆಲಿಗ್ರಾಂ ಗುಂಪಿಗೆ ಸೇರಿ ಅನ್ನೋ ಆಹ್ವಾನ. ತಿಂಗಳಿಗಿಷ್ಟು ಫೀಸು. ಗಾರ್ಮೆಂಟ್ಸ್‌ಗೆ ಹೋಗೋ ಅಕ್ಕನ ಸಂಬಳ, ಅವ್ವನ ಹೆಸರಲ್ಲಿ ಎತ್ತಿದ ಸಂಘದ ಸಾಲ ಆಪ್ಷನ್ ಟ್ರೇಡಿಂಗಿಗೆ ಹೋಗ್ತಾ ಇದೆ. ನಮ್ಮ ಕೇರಿಯಲ್ಲೇ ಹೋಗ್ತಾ ಇದೆ. ಅದಕ್ಕೇ ಈ ಚಕ್ರಗಳ ಚರಿತ್ರೆ ಬರೀಬೇಕು ಅನ್ನಿಸ್ತು.

ವಿದುರಾಶ್ವತ್ಥದಿಂದಲೇ ಶುರು ಮಾಡ್ತೀನಿ. ಹೊರಗಿನವರಿಗೆ ಈ ಊರಿನ ಬಗ್ಗೆ ಎರಡು ವಿಷಯ ಗೊತ್ತು. ಒಂದು, 1938ರ ಏಪ್ರಿಲ್ 25. ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಅನ್ನೋದಕ್ಕೆ ಸರ್ಕಾರದ ಲೆಕ್ಕ ಬೇರೆ, ಜನರ ಲೆಕ್ಕ ಬೇರೆ. (ಈ ದೇಶದಲ್ಲಿ ಇದೇನೂ ಹೊಸದಲ್ಲ ಬಿಡಿ.) ಇನ್ನೊಂದು, ಸಾಲುಸಾಲು ನಾಗರಕಲ್ಲುಗಳು. ಮಕ್ಕಳಾಗಲಿಲ್ಲ, ಮದುವೆ ಕೂಡಿಬರಲಿಲ್ಲ ಅಂತ ಇಲ್ಲಿಂದಲೂ ಆಂಧ್ರದಿಂದಲೂ ಬಂದು ಕಲ್ಲು ನೆಡಿಸಿ ಹೋಗ್ತಾರೆ.

ಮೂರನೇದನ್ನ ಯಾರೂ ಎತ್ತಲ್ಲ. ಈ ಅಶ್ವತ್ಥ ಯಾರ ಹೆಸರಿನದು? ವಿದುರನದು. ಅವನೇ ನೆಟ್ಟ ಗಿಡ ಅಂತ ಸ್ಥಳಪುರಾಣ. ಆ ಹಳೇ ಮರ 2001ರಲ್ಲಿ ಉರುಳಿಬಿತ್ತು, ಹೆಸರು ಉಳೀತು. ವಿದುರ ಅಂದ್ರೆ ದಾಸಿಯ ಮಗ. ಧೃತರಾಷ್ಟ್ರ, ಪಾಂಡು, ವಿದುರ ಮೂವರಿಗೂ ಹುಟ್ಟಿಸಿದವನು ವ್ಯಾಸನೇ. ಆದರೆ ತಾಯಿ ದಾಸಿ ಅನ್ನೋ ಕಾರಣಕ್ಕೆ ವಿದುರನಿಗೆ ಸಿಂಹಾಸನ ಇಲ್ಲ. ಕಣ್ಣಿಲ್ಲದವನಿಗೆ ಸಿಗುತ್ತೆ, ಇವನಿಗೆ ಸಿಗಲ್ಲ. ಇವನೇ ಆ ಸಭೆಯಲ್ಲಿ ಈ ಜೂಜಾಟ ಬೇಡ, ಮನೆ ಹಾಳಾಗುತ್ತೆ ಅಂತ ಬಾಯಿಬಿಟ್ಟು ಹೇಳಿದವನು. ಕೇಳಿದ್ರಾ? ಪಾಂಡವರನ್ನ ಆಟಕ್ಕೆ ಕರ್ಕೊಂಡು ಬಾ ಅಂತ ಅವನನ್ನೇ ಕಳಿಸಿದರು. ಮಾತು ಸರಿಯಿತ್ತು, ಆಡಿದ ಬಾಯಿ ಅವರಿಗೆ ಸರಿಕಾಣಲಿಲ್ಲ. ಈ ಎಳೆ ಹಿಡ್ಕೊಂಡಿರಿ, ಮುಂಬೈ ತನಕ ಬೇಕಾಗುತ್ತೆ.

ಇನ್ನು ನಾಗರಕಲ್ಲು. ನಾಗ ಅಂದ್ರೆ ನಮ್ಮವರಿಗೆ ಬೇರೆಯೇ ಅರ್ಥ ಇದೆ. 1956ರ ಅಕ್ಟೋಬರ್ 15ರಂದು, ದೀಕ್ಷೆ ಆದ ಮಾರನೇ ದಿನ, ಬಾಬಾಸಾಹೇಬರು ನಾಗಪುರವನ್ನೇ ಯಾಕೆ ಆರಿಸಿಕೊಂಡೆ ಅಂತ ವಿವರಿಸುವಾಗ ನಾಗ ಜನರ ಮಾತು ಎತ್ತಿದರು. ಬುದ್ಧ ಧಮ್ಮವನ್ನ ಈ ನೆಲದಲ್ಲಿ ಹರಡಿದವರು ಅವರೇ ಅಂದರು. ಪುರೋಹಿತರ ಕೈಗೆ ಸಿಕ್ಕಮೇಲೆ ಅದೇ ನಾಗ ದೋಷ ಆಯ್ತು. ಜ್ಯೋತಿಷಿಗಳ ಕೈಯಲ್ಲಿ ರಾಹು ಕೇತು ಆಯ್ತು. ಅವರ ಪ್ರಕಾರ ದಿಢೀರ್ ಲಾಭ, ಲಾಟರಿ, ಷೇರುಪೇಟೆ ಎಲ್ಲಾ ರಾಹುವಿನ ಇಲಾಖೆ. ಹಾಗಾಗಿ ಸರ್ಪದೋಷ ಕಳೆದ್ರೆ ಮಾರ್ಕೆಟ್ಟಲ್ಲಿ ದುಡ್ಡು ಅನ್ನೋ ವ್ಯಾಪಾರಕ್ಕೆ ದಾರಿ ಸಲೀಸು.

ನ್ಯಾಯವಾಗಿ ಹೇಳಬೇಕು ಅಂದ್ರೆ, ಬೆಲೆ ಭವಿಷ್ಯ ಹೇಳೋದು ಇವತ್ತಿನ ಟೆಲಿಗ್ರಾಂನವರು ಹುಟ್ಟಿಸಿದ್ದಲ್ಲ. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಇದಕ್ಕೇ ಒಂದು ಅಧ್ಯಾಯ ಇದೆ, ಅರ್ಘಕಾಂಡ ಅಂತ. ಅರ್ಘ ಅಂದ್ರೆ ಬೆಲೆ. ಸೂರ್ಯ ಇಂಥ ರಾಶಿಯಲ್ಲಿದ್ದಾಗ ಇಂಥ ಲಕ್ಷಣ ಕಂಡರೆ ಇಂಥ ಸರಕು ಕೂಡಿಡು, ಇಷ್ಟು ತಿಂಗಳು ಬಿಟ್ಟು ಮಾರು, ಲಾಭ ಬರುತ್ತೆ ಅನ್ನೋ ಧಾಟಿ. ಈ ಸಲಹೆ ಯಾರಿಗೆ? ಕಣಜ ಇದ್ದವನಿಗೆ. ಹೊಲದಲ್ಲಿ ದುಡಿದು ಸಂಜೆ ಸೇರು ಕಾಳು ಕೂಲಿ ತಗೊಂಡು ಹೋಗೋನು ಕೂಡಿಡೋದೇನು, ಮಾರೋದೇನು? ಬೆಲೆ ಏರಿದರೆ ಅವನ ಮನೆಯಲ್ಲಿ ಒಲೆ ಹತ್ತಲ್ಲ, ಅಷ್ಟೇ. ಆ ಶಾಸ್ತ್ರದಲ್ಲಿ ಅವನ ಹಸಿವಿಗೆ ಇರೋ ಹೆಸರು ಲಾಭ.

ಇದಕ್ಕಿಂತ ಸಾವಿರ ವರ್ಷ ಹಿಂದೆಯೇ ಬುದ್ಧನ ಕಡೆಯವರು ಈ ವಿದ್ಯೆಗಳನ್ನ ಒಂದು ಪಟ್ಟಿ ಮಾಡಿ ಪಕ್ಕಕ್ಕಿಟ್ಟಿದ್ದರು. ದೀಘ ನಿಕಾಯದ ಮೊದಲನೇ ಸುತ್ತ, ಬ್ರಹ್ಮಜಾಲ ಸುತ್ತ. ಗ್ರಹಣ ಹೇಳೋದು, ಮಳೆ ಹೇಳೋದು, ಬೆಳೆ ಸಮೃದ್ಧಿಯೋ ಬರವೋ ಅಂತ ಹೇಳಿ ಹೊಟ್ಟೆ ಹೊರೆಯೋದು, ಇವೆಲ್ಲ ಭಿಕ್ಖು ಮಾಡಬಾರದ ಕೀಳು ಕಸುಬು ಅಂತ ಅಲ್ಲಿದೆ. ಬುದ್ಧ ಕೂತಿದ್ದೂ ಅಶ್ವತ್ಥದ ಕೆಳಗೇ.

ಸರ್ವತೋಭದ್ರ ಚಕ್ರ ಅನ್ನೋದು ಹೆಸರಿಗೆ ಚಕ್ರ, ನೋಡೋಕೆ ಚೌಕಾಬಾರದ ಮನೆ ಥರ. ಅಡ್ಡ 9, ಉದ್ದ 9, ಒಟ್ಟು 81 ಮನೆ. ಹೊರಗಿನ ಸುತ್ತಲ್ಲಿ 28 ನಕ್ಷತ್ರ, ಮೂಲೆಗಳಲ್ಲಿ ಸ್ವರ, ಒಳಗೆ ಅಕ್ಷರ, ರಾಶಿ, ತಿಥಿ, ವಾರ. ಗ್ರಹ ಯಾವ ಮನೆಯಿಂದ ಯಾವ ಮನೆಗೆ ದೃಷ್ಟಿ ಹಾಯಿಸುತ್ತೆ ನೋಡಿ, ಸರಕಿನ ಹೆಸರಿನ ಮೊದಲ ಅಕ್ಷರಕ್ಕೆ ಅದು ತಾಗಿದರೆ ಬೆಲೆ ಏರುತ್ತೋ ಇಳಿಯುತ್ತೋ ಅಂತಾರೆ. ಯೋಚನೆ ಮಾಡಿ. ನಾವು ಟೊಮೆಟೊ ಅಂದ್ರೆ ಒಂದಕ್ಷರ, ಗಡಿ ಆಚೆ ಹಿಂದೂಪುರದಲ್ಲಿ ಹೆಸರು ಬೇರೆ ಆದ್ರೆ ಇನ್ನೊಂದಕ್ಷರ. ಒಂದೇ ದಿನ, ಒಂದೇ ಹಣ್ಣು, ಚಿಂತಾಮಣಿ ಮಂಡಿಯಲ್ಲಿ ಶುಭ, ಹಿಂದೂಪುರದಲ್ಲಿ ಅಶುಭ!

ಶ್ರೀಚಕ್ರದ ವಿಷಯಕ್ಕೆ ಬರೋಣ. ಒಂಬತ್ತು ತ್ರಿಕೋನ ಒಂದರೊಳಗೊಂದು ಹೆಣೆದು, ನಡುವೆ 43 ಸಣ್ಣ ತ್ರಿಕೋನ ಬರೋ ಹಾಗೆ ಎಳೆಯೋದು ನಿಜವಾಗಲೂ ಕಷ್ಟದ ರೇಖಾಗಣಿತ. ನಾನದನ್ನ ಹೀಗಳೆಯಲ್ಲ. ಶುಲ್ಬಸೂತ್ರಗಳ ಗಣಿತವನ್ನೂ ಹೀಗಳೆಯಲ್ಲ. ಹದ್ದಿನ ಆಕಾರದ ಯಜ್ಞವೇದಿಗೆ ಐದು ವರಸೆ, ವರಸೆಗೆ 200ರಂತೆ ಸಾವಿರ ಇಟ್ಟಿಗೆ. ಆದರೆ ಗೆಳೆಯರೆ, ಶುಲ್ಬ ಅಂದ್ರೆ ಹಗ್ಗ. ಹಗ್ಗ ಹೊಸೆದೋರು ಯಾರು, ಮಣ್ಣು ತುಳಿದು ಇಟ್ಟಿಗೆ ಸುಟ್ಟೋರು ಯಾರು? ಅಳತೆ ಕೈಯಲ್ಲಿ ಇಟ್ಕೊಂಡಿದ್ದೋರ ಹೆಸರು ಸೂತ್ರದಲ್ಲಿಲ್ಲ. ನಾಗರಕಲ್ಲಿನಲ್ಲಿ ಎರಡು ಹಾವು ಸಮ ಅಳತೆಯಲ್ಲಿ ಹೆಣೆದು ಕೆತ್ತೋ ಕಲ್ಲುಕುಟಿಗನ ಕಥೆಯೂ ಅದೇ.

ಫಿಬೊನಾಚಿ ಅಂತಾರಲ್ಲ, ಶೇ. 61.8 ಇಳಿದ ಮೇಲೆ ವಾಪಸ್ ಏರುತ್ತೆ ಅನ್ನೋ ಲೆಕ್ಕ, ಅದರ ಮೂಲವೂ ಭಾರತದ್ದೇ ಅಂತ ಎದೆ ತಟ್ಕೋತಾರೆ. ಸಂಖ್ಯೆಗಳ ಮಟ್ಟಿಗೆ ಅದು ನಿಜ. ವಿರಹಾಂಕ, ಹೇಮಚಂದ್ರ ಅನ್ನೋ ಛಂದಸ್ಸಿನ ಪಂಡಿತರು ಫಿಬೊನಾಚಿಗಿಂತ ಮೊದಲೇ ಅದನ್ನ ಹೇಳಿದ್ದರು. ಹೈಸ್ಕೂಲಲ್ಲಿ ಲಘು ಗುರು ಹಾಕಿದ್ದು ನೆನಪಿದೆಯಾ? ಲಘು ಒಂದು ಮಾತ್ರೆ, ಗುರು ಎರಡು. ನಾಲ್ಕು ಮಾತ್ರೆಯ ಗಣವನ್ನ ಎಷ್ಟು ಥರ ಬರೀಬಹುದು? ಐದು ಥರ. ಮೂರು ಮಾತ್ರೆಯದು ಮೂರು ಥರ, ಐದರದ್ದು ಎಂಟು ಥರ. 1, 2, 3, 5, 8, 13. ಹಿಂದಿನ ಎರಡು ಕೂಡಿದ್ರೆ ಮುಂದಿನದು. ಚಂದದ ಗಣಿತ. ಆದರೆ ಅವರು ಎಣಿಸಿದ್ದು ಪದ್ಯದ ಮಾತ್ರೆ, ರಿಲಯನ್ಸ್ ಷೇರಲ್ಲ.

ಈ ಎಲ್ಲವನ್ನೂ ಚಾರ್ಟಿಗೆ ಅಂಟಿಸಿದವನು ಬ್ರಾಹ್ಮಣನೂ ಅಲ್ಲ, ಭಾರತದವನೂ ಅಲ್ಲ. ಅಮೆರಿಕದ ಟೆಕ್ಸಾಸಿನ ಡಬ್ಲ್ಯೂ. ಡಿ. ಗ್ಯಾನ್, 1878ರಲ್ಲಿ ಹುಟ್ಟಿ 1955ರಲ್ಲಿ ತೀರಿಕೊಂಡ. ನಡುಮನೆಯಲ್ಲಿ 1, ಸುತ್ತ 9ರ ತನಕ, ಅದರಾಚೆ ಸುತ್ತಲ್ಲಿ 25ರ ತನಕ, ಹೀಗೆ ಸುರುಳಿಯಾಗಿ ಬರೆಯೋ ಒಂಬತ್ತರ ಚೌಕ ಅವನ ಹೆಸರಲ್ಲಿ ಪ್ರಸಿದ್ಧ. 45 ಡಿಗ್ರಿ ಗೆರೆ ಮೇಲೆ ಬೆಲೆ ಇದ್ರೆ ಏರುಪೇಟೆ ಅಂತಾನೆ. ಅವನು ಈ ವಿದ್ಯೆ ಭಾರತದಿಂದ ಒಯ್ದ ಅಂತ ನಮ್ಮವರು ಹಬ್ಬಿಸ್ತಾರೆ, ಪುರಾವೆ ಕೇಳಿದ್ರೆ ಬ್ಲಾಕ್ ಮಾಡ್ತಾರೆ. ಒಂದು ಕೆಲಸ ಮಾಡಿ. ಫೋನಿನ ಚಾರ್ಟನ್ನ ಎರಡು ಬೆರಳಲ್ಲಿ ಅಡ್ಡಕ್ಕೆ ಹಿಗ್ಗಿಸಿ. 45 ಡಿಗ್ರಿ ಇದ್ದ ಏರು 20 ಡಿಗ್ರಿ ಆಗುತ್ತೆ. ಬೆಲೆ ಒಂದು ಪೈಸೆ ಅಲ್ಲಾಡಿರಲ್ಲ. ರೂಪಾಯಿಗೂ ದಿನಕ್ಕೂ ನಡುವೆ ಡಿಗ್ರಿ ಎಲ್ಲಿಂದ ಬರುತ್ತೆ?

ಇನ್ನೂ ಒಂದಿದೆ. ಅಲೆಕ್ಸಾಂಡರ್ ಎಲ್ಡರ್ ಅನ್ನೋ ಲೇಖಕ ಗ್ಯಾನ್‌ನ ಮಗನನ್ನೇ ಕಂಡು ಮಾತಾಡಿದ್ದನ್ನ 1993ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಅಪ್ಪನಿಗೆ ಟ್ರೇಡಿಂಗಿನಿಂದ ಸಂಸಾರ ಸಾಗ್ತಿರಲಿಲ್ಲ, ಪಾಠ ಬರೆದು ಮಾರಿ ಸಂಪಾದಿಸ್ತಿದ್ದ ಅಂದನಂತೆ ಮಗ. ಇವತ್ತಿನ ಕೋರ್ಸ್ ಮಾರೋರನ್ನ ನೋಡಿದ್ರೆ ಈ ಒಂದು ವಿದ್ಯೆ ಮಾತ್ರ ನೂರಕ್ಕೆ ನೂರು ಹಾಗೇ ದಾಟಿ ಬಂದಿದೆ.

ಆದ್ರೂ ಹುಡುಗರು ಹೇಳ್ತಾರೆ, ಅಣ್ಣಾ ಐದು ಸಲ ಹೇಳಿದ್ದು ಐದೂ ಆಯ್ತು ಅಂತ. ಅದು ಹೇಗಾಗುತ್ತೆ ನೋಡಿ. 1600 ಜನರಲ್ಲಿ 800 ಜನಕ್ಕೆ ನಾಳೆ ಏರುತ್ತೆ ಅಂತ ಕಳಿಸು, 800 ಜನಕ್ಕೆ ಇಳಿಯುತ್ತೆ ಅಂತ ಕಳಿಸು. ಯಾವ ಗುಂಪಿಗೆ ನಿಜ ಆಯ್ತೋ ಅವರನ್ನ ಮಾತ್ರ ಇಟ್ಕೋ, ಮತ್ತೆ ಅರ್ಧ ಮಾಡು. ಐದು ದಿನಕ್ಕೆ 50 ಜನ ಉಳೀತಾರೆ. ಆ 50 ಜನಕ್ಕೆ ಅವನು ದೇವರು. ಮಿಕ್ಕ 1550 ಜನ ಮಾತಾಡಲ್ಲ, ನಾಚಿಕೆ.

ಈಗ ಮುಂಬೈಗೆ ಹೋಗೋಣ. ಷೇರು ಸಲಹೆಯ ಚರಿತ್ರೆಯಲ್ಲಿ ನಮ್ಮವರ ಒಂದು ಪುಟ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ 1917ರಲ್ಲಿ ವಾಪಸ್ ಬಂದ ಬಾಬಾಸಾಹೇಬರನ್ನ ಬರೋಡಾದಲ್ಲಿ ಇರೋಕೆ ಮನೆ ಕೊಡದೆ ಓಡಿಸಿದರು. ಮುಂಬೈಗೆ ಬಂದು ಹೊಟ್ಟೆಪಾಡಿಗೆ ಅವರು ಮಾಡಿದ ಕೆಲಸಗಳಲ್ಲಿ ಒಂದು, ಷೇರು ವ್ಯಾಪಾರಿಗಳಿಗೆ ಸಲಹೆ ಕೊಡೋ ಸಂಸ್ಥೆ. ಹೌದು, ನಮ್ಮ ಬಾಬಾಸಾಹೇಬರು ಷೇರು ಸಲಹೆಗಾರರು! ಸಲಹೆ ಕೊಡೋನು ಅಸ್ಪೃಶ್ಯ ಅಂತ ಗೊತ್ತಾಗಿದ್ದೇ ತಡ ಗಿರಾಕಿಗಳು ಕರಗಿದರು, ಸಂಸ್ಥೆ ಮುಚ್ಚಿತು. ಸಲಹೆ ತಪ್ಪು ಅಂತ ಅಲ್ಲ. 1923ರಲ್ಲಿ ಅದೇ ಮನುಷ್ಯ ರೂಪಾಯಿಯ ಸಮಸ್ಯೆ ಮೇಲೆ ಲಂಡನ್ನಿನಲ್ಲಿ ಗ್ರಂಥ ಪ್ರಕಟಿಸಿದ, 1925ರಲ್ಲಿ ಕರೆನ್ಸಿ ಕುರಿತ ರಾಯಲ್ ಕಮಿಷನ್ ಮುಂದೆ ಸಾಕ್ಷ್ಯ ಹೇಳಿದ. ಬ್ರಿಟಿಷ್ ಸಾಮ್ರಾಜ್ಯಕ್ಕೆ ಆ ಬುದ್ಧಿ ಬೇಕಾಯ್ತು, ಮುಂಬೈ ಷೇರುಪೇಟೆಗೆ ಮೈಲಿಗೆ ಆಯ್ತು. ಹಸ್ತಿನಾವತಿಯ ಸಭೆ ನೆನಪಾಯ್ತಲ್ವಾ?

ನೂರು ವರ್ಷ ಆದಮೇಲೆ ಅದೇ ಮುಂಬೈ ಯಾರ ಮಾತು ಕೇಳ್ತು? 2022ರ ಫೆಬ್ರವರಿ 11ರ ಸೆಬಿ ಆದೇಶ ಓದಿ. ದೇಶದ ಅತಿದೊಡ್ಡ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇಯ ಮುಖ್ಯಸ್ಥೆಯಾಗಿದ್ದ ಚಿತ್ರಾ ರಾಮಕೃಷ್ಣ, ಹಿಮಾಲಯದ ಸಿದ್ಧಪುರುಷ ಅಂತ ತಾವು ಕರೆದ ಒಬ್ಬರಿಗೆ ಸಂಸ್ಥೆಯ ಒಳಗುಟ್ಟುಗಳನ್ನ ಇಮೇಲ್ ಮಾಡ್ತಿದ್ದರು, ನೌಕರರ ಬಡ್ತಿಗೂ ಅವರ ಅಪ್ಪಣೆ ಕೇಳ್ತಿದ್ದರು ಅಂತ ಸೆಬಿ ಬರೆದಿದೆ. ಯೋಗಿಯ ಇಮೇಲ್ ವಿಳಾಸದಲ್ಲಿ ಮೂರು ವೇದಗಳ ಹೆಸರು. ಹಿಂದಿನ ಕೆಲಸದಲ್ಲಿ ವರ್ಷಕ್ಕೆ 15 ಲಕ್ಷದಷ್ಟು ಪಡೀತಿದ್ದ ಒಬ್ಬರನ್ನ 2013ರಲ್ಲಿ 1.68 ಕೋಟಿಗೆ ಸಲಹೆಗಾರರಾಗಿ ತಗೊಂಡರು. ಚಿತ್ರಾ ಅವರಿಗೆ ಸೆಬಿ 3 ಕೋಟಿ ದಂಡ ಹಾಕ್ತು. ಯೋಗಿ ಮಾತಿಗೆ ಬೆಲೆ, ಡಾಕ್ಟರೇಟ್ ಓದ್ತಿದ್ದ ಅಂಬೇಡ್ಕರ್ ಮಾತಿಗೆ ಬಾಗಿಲು. ನಮ್ಮ ಹುಡುಗ ಫೋನಿನಲ್ಲಿ ಶ್ರೀಚಕ್ರ ನೋಡಿ ಕೈಮುಗಿಯುವಾಗ ಅವನೂ ಗಣಿತ ನೋಡ್ತಿಲ್ಲ, ಹೇಳೋನ ಹಣೆ ನೋಡ್ತಾ ಇದ್ದಾನೆ.

ಇದರ ಬಿಲ್ ಯಾರು ಕಟ್ತಾರೆ? ಅದನ್ನೂ ಸೆಬಿಯೇ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಮೂರು ವರ್ಷದಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯರಲ್ಲಿ ಶೇ. 93 ಜನ ಕಳ್ಕೊಂಡಿದ್ದಾರೆ, ತಲೆಗೆ ಸರಾಸರಿ ಸುಮಾರು 2 ಲಕ್ಷ. ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿದೆ. ಆಡೋರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನರ ವರ್ಷದ ಆದಾಯ 5 ಲಕ್ಷಕ್ಕಿಂತ ಕಮ್ಮಿ. ಗೆದ್ದೋರು ದೊಡ್ಡ ಟ್ರೇಡಿಂಗ್ ಕಂಪನಿಗಳು ಮತ್ತು ವಿದೇಶಿ ಹೂಡಿಕೆದಾರರು, ಅದೂ ಬಹುಪಾಲು ಕಂಪ್ಯೂಟರ್ ಅಲ್ಗಾರಿದಮ್‌ನಿಂದ. ಅವರ ಯಂತ್ರದಲ್ಲಿ ರಾಹುವೂ ಇಲ್ಲ, ಬಿಂದುವೂ ಇಲ್ಲ. ಅರ್ಘಕಾಂಡದಲ್ಲಿದ್ದ ಕಣಜದ ಯಜಮಾನ ಎಲ್ಲಿಗೂ ಹೋಗಿಲ್ಲ.

ನಮ್ಮ ತಾಲ್ಲೂಕಿಗೆ ಇನ್ನೊಂದು ಪರಂಪರೆ ಇದೆ ಅನ್ನೋದನ್ನ ಮರೀಬೇಡಿ. ಡಾ. ಎಚ್. ನರಸಿಂಹಯ್ಯ ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಬಡತನದಲ್ಲಿ ಬೆಳೆದು, ಭೌತಶಾಸ್ತ್ರ ಓದಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, 1976ರಲ್ಲಿ ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿ ಮಾಡಿದರು. ಪುಟ್ಟಪರ್ತಿಯ ಸಾಯಿಬಾಬಾಗೇ ಸವಾಲು ಹಾಕಿದರು, ಬಾಬಾ ಒಪ್ಪಲಿಲ್ಲ. ಎಚ್.ಎನ್. ಇದ್ದಿದ್ದರೆ ಈ ಚಕ್ರದವರಿಗೂ ಅದನ್ನೇ ಕೇಳ್ತಿದ್ದರು: ಮುಂದಿನ ನೂರು ದಿನದ ಭವಿಷ್ಯ ಇವತ್ತೇ ಬರೆದು, ಲಕೋಟೆ ಮುಚ್ಚಿ, ನಮ್ಮ ಕೈಗೆ ಕೊಡಿ. 2017ರ ನಮ್ಮ ರಾಜ್ಯದ ಮೌಢ್ಯ ನಿಷೇಧ ಕಾಯ್ದೆಯಿಂದ ಜ್ಯೋತಿಷ್ಯ, ವಾಸ್ತುಗಳನ್ನ ಹೊರಗಿಟ್ಟಿದ್ದಾರೆ, ಹಾಗಾಗಿ ಆ ಕಾಯ್ದೆ ಹಿಡ್ಕೊಂಡು ಹೋದ್ರೆ ಪ್ರಯೋಜನ ಇಲ್ಲ. ಆದ್ರೆ ದುಡ್ಡು ತಗೊಂಡು ಷೇರು ಸಲಹೆ ಕೊಡೋರಿಗೆ ಸೆಬಿ ನೋಂದಣಿ ಬೇಕು. ನಿಮ್ಮ ಗುಂಪಿನ ಗುರೂಜಿಯ ನೋಂದಣಿ ಸಂಖ್ಯೆ ಕೇಳಿ ನೋಡಿ.

ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೇರಿಯ ಅರಳೀಕಟ್ಟೆ ಹತ್ರ ಕೂರ್ತೀವಿ. ಟ್ರೇಡಿಂಗ್ ಆ್ಯಪ್‌ನಲ್ಲಿ ವರ್ಷದ ಲಾಭ ನಷ್ಟದ ಪಟ್ಟಿ ಸಿಗುತ್ತೆ, ಪ್ರಿಂಟ್ ತಗೊಂಡು ಬನ್ನಿ, ಹೆಸರು ಹರಿದು ಹಾಕಿ ತಂದ್ರೂ ಸರಿ. ಆಫೀಸಲ್ಲಿ ನಾನು ಮಾಡೋದು ಕಾಲಂ ಕೂಡೋ ಕೆಲಸವೇ. ಬ್ರೋಕರೇಜು, ತೆರಿಗೆ, ಗುರೂಜಿ ಫೀಸು, ಸಂಘದ ಬಡ್ಡಿ ಎಲ್ಲಾ ಸೇರಿಸಿ ಕೂಡೋಣ. ಅವ್ವಂದಿರನ್ನೂ ಕರ್ಕೊಂಡು ಬನ್ನಿ, ಸಾಲದ ಪುಸ್ತಕ ಅವರ ಹತ್ರನೇ ಇರೋದು.