ಕ್ಲೋರೊಜೆನಿಕ್ ಆಮ್ಲ ಮತ್ತು ಬೊಜ್ಜು: ಸಂಶೋಧನೆಯ ಇತಿಹಾಸ

ಕ್ಲೋರೊಜೆನಿಕ್ ಆಮ್ಲ ಸಸ್ಯಗಳಲ್ಲಿ ಸಿಗುವ ಒಂದು ಫೀನಾಲಿಕ್ ಸಂಯುಕ್ತ. ಕೆಫೀಕ್ ಆಮ್ಲ ಮತ್ತು ಕ್ವಿನಿಕ್ ಆಮ್ಲ ಕೂಡಿ ಆಗುವ ಎಸ್ಟರ್ ಇದು. ಹುರಿಯದ ಕಾಫಿಬೀಜ ಇದರ ದೊಡ್ಡ ಆಗರ: ಈ ಗುಂಪಿನ ಆಮ್ಲಗಳೆಲ್ಲ ಸೇರಿ ಅರೇಬಿಕಾದ ಒಣತೂಕದಲ್ಲಿ ಸುಮಾರು ಶೇ. 4ರಿಂದ 8ರಷ್ಟು, ರೊಬಸ್ಟಾದಲ್ಲಿ ಅದಕ್ಕಿಂತ ಹೆಚ್ಚು. ಬದನೆ, ಆಲೂಗಡ್ಡೆ, ಸೇಬುಗಳಲ್ಲೂ ಉಂಟು. ಹೆಚ್ಚಿದ ಬದನೆಕಾಯಿಯನ್ನು ನೀರಿಗೆ ಹಾಕದೆ ಬಿಟ್ಟರೆ ಹೋಳು ಕಪ್ಪಿಡುವುದು ಹೆಚ್ಚಾಗಿ ಈ ಆಮ್ಲದಿಂದಲೇ. ಕೊಯ್ದ ಜಾಗದಲ್ಲಿ ಕಿಣ್ವವೂ ಗಾಳಿಯೂ ಅದಕ್ಕೆ ತಾಗುತ್ತವೆ. ಕಾಫಿ ಹುರಿದಷ್ಟೂ ಆಮ್ಲ ಕರಗುತ್ತದೆ. ಬೊಜ್ಜಿನ ಮದ್ದೆಂದು ‘ಹಸಿರು ಕಾಫಿ’ ಮಾರುಕಟ್ಟೆಗೆ ಬಂದದ್ದು ಈ ಕಾರಣಕ್ಕೆ.

ಹೆಸರಿನಲ್ಲಿ ‘ಕ್ಲೋರೊ’ ಇದ್ದರೂ ಕ್ಲೋರಿನ್‌ಗೂ ಇದಕ್ಕೂ ಸಂಬಂಧವಿಲ್ಲ. ಗ್ರೀಕಿನಲ್ಲಿ ಆ ಪದಕ್ಕೆ ಹಸಿರು ಎಂದರ್ಥ. ಕ್ಷಾರದಲ್ಲಿ ಗಾಳಿಗೆ ಒಡ್ಡಿದ ದ್ರಾವಣ ಹಸಿರಾಗುವುದರಿಂದ ಬಂದ ಹೆಸರು. ಸೂರ್ಯಕಾಂತಿ ಹಿಂಡಿಯಿಂದ ಪ್ರೋಟೀನು ತೆಗೆಯುವಾಗ ಅದು ಹಸಿರುಗಟ್ಟುವುದೂ ಇದರಿಂದಲೇ. ಮೈಸೂರಿನ ಸಿಎಫ್‌ಟಿಆರ್‌ಐ ಸಂಶೋಧಕರು ಈ ಆಮ್ಲ ಸೂರ್ಯಕಾಂತಿ ಪ್ರೋಟೀನಿಗೆ ಅಂಟಿಕೊಳ್ಳುವ ಬಗೆಯನ್ನು ಅಭ್ಯಾಸ ಮಾಡಿದ್ದಾರೆ. ಫ್ರಾನ್ಸಿನ ರೋಬಿಕೆ ಮತ್ತು ಬುತ್ರೋಂ 1837ರಲ್ಲಿ ಕಾಫಿಯಲ್ಲಿ ಈ ವಸ್ತುವನ್ನು ಗುರುತಿಸಿದರು. 1846ರಲ್ಲಿ ಪಾಯೆನ್ ಹೆಸರಿಟ್ಟರು. ಅದರ ಎರಡು ಘಟಕಗಳನ್ನು 1920ರಲ್ಲಿ ಫ್ರಾಯ್ಡೆನ್‌ಬರ್ಗ್ ಖಚಿತಪಡಿಸಿದರು.

ಇಲ್ಲಿಂದ ಮುಂದೆ ಆಕರಗಳಲ್ಲಿ ಗೊಂದಲ ಶುರು. 1932ರಲ್ಲಿ ಫಿಷರ್ ಮತ್ತು ಡಾಂಗ್‌ಶಾಟ್ ಇದನ್ನು 3-ಕೆಫಿಯಾಯ್ಲ್‌ಕ್ವಿನಿಕ್ ಆಮ್ಲ ಎಂದರು. 1976ರಲ್ಲಿ ಅಂತಾರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟ ಇಂಗಾಲದ ಪರಮಾಣುಗಳನ್ನು ಎಣಿಸುವ ದಿಕ್ಕನ್ನು ತಿರುಗಿಸಿದ್ದರಿಂದ ಅದೇ ವಸ್ತು 5-ಕೆಫಿಯಾಯ್ಲ್‌ಕ್ವಿನಿಕ್ ಆಮ್ಲವಾಯಿತು. ಹಳೆಯ ‘5’, ಅಂದರೆ ನಿಯೊಕ್ಲೋರೊಜೆನಿಕ್ ಆಮ್ಲ, ಹೊಸ ‘3’ ಆಯಿತು. ಎಲ್ಲರೂ ಹೊಸ ಎಣಿಕೆಗೆ ಬದಲಾಗಲಿಲ್ಲ. ಹೀಗಾಗಿ ‘3’ ಎಂದಷ್ಟೇ ಬರೆದ ಲೇಖನವಾಗಲಿ ಸೀಸೆಯಾಗಲಿ ಎರಡರಲ್ಲಿ ಯಾವುದನ್ನು ಹೇಳುತ್ತಿದೆ ಎಂದು ಪ್ರತಿ ಸಲವೂ ನೋಡಿಕೊಳ್ಳಬೇಕು. ಕೋಷ್ಟಕಗಳನ್ನು ಒಂದರಿಂದ ಇನ್ನೊಂದಕ್ಕೆ ನಕಲು ಮಾಡುವವರು ಎಡವುವುದು ಇಲ್ಲೇ.

ಚಯಾಪಚಯದ ಕಡೆಗೆ ಗಮನ ಹರಿದದ್ದು 1997ರಲ್ಲಿ. ಇಲಿಯ ಯಕೃತ್ತಿನಲ್ಲಿ ಗ್ಲೂಕೋಸ್-6-ಫಾಸ್ಫೇಟನ್ನು ಸಾಗಿಸುವ ವ್ಯವಸ್ಥೆಗೆ ಈ ಆಮ್ಲ ತಡೆಯೊಡ್ಡುತ್ತದೆ ಎಂದು ಆಗ ತೋರಿಸಲಾಯಿತು. 2001ರ ಡಚ್ ಅಧ್ಯಯನವೊಂದರಲ್ಲಿ ಸಣ್ಣಕರುಳು ಹೀರಿಕೊಂಡದ್ದು ಸುಮಾರು ಮೂರನೇ ಒಂದು ಪಾಲು ಮಾತ್ರ. ಉಳಿದದ್ದು ದೊಡ್ಡಕರುಳಿನ ಸೂಕ್ಷ್ಮಜೀವಿಗಳ ಪಾಲು. 2002ರಲ್ಲಿ 17,111 ಡಚ್ಚರ ಅಧ್ಯಯನ ದಿನಕ್ಕೆ ಏಳು ಅಥವಾ ಹೆಚ್ಚು ಕಪ್ ಕಾಫಿ ಕುಡಿಯುವವರಲ್ಲಿ ಎರಡನೇ ಬಗೆಯ ಮಧುಮೇಹದ ಸಂಭವ ಅರ್ಧದಷ್ಟೆಂದು ವರದಿ ಮಾಡಿತು. ಅದು ಕಾಫಿಯ ಲೆಕ್ಕ, ಆಮ್ಲದ್ದಲ್ಲ. ಬೊಜ್ಜಿನ ಲೆಕ್ಕವಂತೂ ಅಲ್ಲವೇ ಅಲ್ಲ.

ತೂಕದ ಮೊದಲ ಪ್ರಯೋಗಗಳು ಚಿಕ್ಕವು. 2007ರಲ್ಲಿ 30 ಜನ 12 ವಾರ ಈ ಆಮ್ಲ ಹೆಚ್ಚಿಸಿದ ಇನ್‌ಸ್ಟಂಟ್ ಕಾಫಿ ಅಥವಾ ಮಾಮೂಲಿ ಇನ್‌ಸ್ಟಂಟ್ ಕಾಫಿ ಕುಡಿದರು. ಮೊದಲ ಗುಂಪು ಸರಾಸರಿ 5.4 ಕಿಲೊ ಇಳಿದರೆ ಎರಡನೆಯದು 1.7 ಕಿಲೊ.

2012ರ ಜನವರಿಯ ಲೇಖನವೇ ಈ ಇತಿಹಾಸದ ತಿರುವು. ಅಮೆರಿಕದ ಟೆಕ್ಸಸ್‌ನ ಅಪ್ಲೈಡ್ ಫುಡ್ ಸೈನ್ಸಸ್ ಕಂಪನಿ ಹಣ ಕೊಟ್ಟು 2010ರಲ್ಲಿ ಭಾರತದಲ್ಲಿ ಮಾಡಿಸಿದ ಪ್ರಯೋಗ ಅದು. ಜನ ಬರೀ 16. ಪ್ರತಿಯೊಬ್ಬರೂ ಸರದಿಯಂತೆ ಹೆಚ್ಚು ಪ್ರಮಾಣದ ಹಸಿರು ಕಾಫಿ ಸಾರ, ಕಡಿಮೆ ಪ್ರಮಾಣದ ಸಾರ ಮತ್ತು ಹುಸಿಗುಳಿಗೆಯನ್ನು ಆರಾರು ವಾರ ನುಂಗಬೇಕು, ನಡುವೆ ಎರಡೆರಡು ವಾರ ಬಿಡುವು. ಒಟ್ಟು 22 ವಾರ. ಇಂಥ ವಿನ್ಯಾಸದಲ್ಲಿ ಯಾರು ಯಾವಾಗ ಯಾವುದನ್ನು ನುಂಗಿದರೆಂಬ ದಾಖಲೆ ಕೆಟ್ಟರೆ ಉಳಿಯುವುದೇನೂ ಇಲ್ಲ. 17.7 ಪೌಂಡ್, ಅಂದರೆ ಸುಮಾರು 8 ಕಿಲೊ ಇಳಿಯುತ್ತದೆ ಎಂದು ಕಂಪನಿ ಸಾರಿತು. ಅದೇ ವರ್ಷ ಡಾಕ್ಟರ್ ಓಜ್ ಅವರ ಟೀವಿ ಕಾರ್ಯಕ್ರಮದಲ್ಲಿ ಹಸಿರು ಕಾಫಿ ಬಂದ ಮೇಲೆ ಮಾರಾಟ ಏರಿತು. 2014ರ ಜೂನ್‌ನಲ್ಲಿ ಓಜ್ ಅಮೆರಿಕದ ಸೆನೆಟ್ ಉಪಸಮಿತಿಯ ಮುಂದೆ ಉತ್ತರ ಕೊಡಬೇಕಾಯಿತು.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2014ರ ಸೆಪ್ಟೆಂಬರ್‌ನಲ್ಲಿ ಹೂಡಿದ ದೂರಿನ ಪ್ರಕಾರ, ಪ್ರಯೋಗದ ಮುಖ್ಯ ಸಂಶೋಧಕರು ತೂಕಗಳನ್ನು ಮತ್ತೆ ಮತ್ತೆ ತಿದ್ದಿದ್ದರು, ಪ್ರಯೋಗದ ಅವಧಿಯನ್ನು ಬದಲಿಸಿದ್ದರು, ಹುಸಿಗುಳಿಗೆ ಯಾರಿಗೆ ಎಂಬುದನ್ನೂ ತಪ್ಪಾಗಿ ಹೇಳಿದ್ದರು. ಊಟ ಕಡಿಮೆ ಮಾಡಿ, ವ್ಯಾಯಾಮ ಹೆಚ್ಚಿಸಿ ಎಂದು ಭಾಗಿಗಳಿಗೆ ಸೂಚನೆ ಇದ್ದ ವಿಷಯ ಜಾಹೀರಾತಿನಲ್ಲಿ ಕಾಣಲಿಲ್ಲ. ಲೇಖನ ಪ್ರಕಟವಾಗದೆ ಹೋದಾಗ ಕಂಪನಿ ಅದನ್ನು ಸ್ಕ್ರಾಂಟನ್ ವಿಶ್ವವಿದ್ಯಾಲಯದ ಇಬ್ಬರಿಂದ ತಿದ್ದಿಸಿ ಬರೆಸಿತ್ತು. ರಾಜಿಯಲ್ಲಿ ಕಂಪನಿ 35 ಲಕ್ಷ ಡಾಲರ್ ತೆರಲು ಒಪ್ಪಿತು. ಅಕ್ಟೋಬರ್‌ನಲ್ಲಿ ಆ ಇಬ್ಬರು ಲೇಖನವನ್ನು ಹಿಂತೆಗೆದುಕೊಂಡರು.

ಈ ಲೇಖನ ಬಿದ್ದುಹೋದದ್ದರಿಂದ ಹಿಂದಿನ ಅಧ್ಯಯನಗಳೂ ಬಿದ್ದವು ಎನ್ನುವಂತಿಲ್ಲ. 2011ರ ಸಮೀಕ್ಷೆಯೊಂದು ಮೂರು ಪ್ರಯೋಗಗಳನ್ನು ಕೂಡಿಸಿ ಸರಾಸರಿ 2.47 ಕಿಲೊ ಇಳಿಕೆ ಕಂಡಿತ್ತು. ಅದರಲ್ಲಿ ಹಿಂತೆಗೆದ ಲೇಖನದ ಅಂಕಿ ಸೇರಿಲ್ಲ. ಆದರೆ ಆ ಪ್ರಯೋಗಗಳ ಗುಣಮಟ್ಟ ಕಳಪೆ ಎಂದು ಸಮೀಕ್ಷಕರೇ ಬರೆದಿದ್ದಾರೆ. ಪ್ರಾಣಿಗಳ ಮೇಲಿನ ಪ್ರಯೋಗಗಳೂ ಒಂದೇ ದಾರಿ ಹಿಡಿದಿಲ್ಲ. ಕೊಬ್ಬಿನ ಆಹಾರ ತಿಂದ ಸಣ್ಣಿಲಿಗಳ ತೂಕ ಈ ಆಮ್ಲದಿಂದ ತಗ್ಗಿತೆಂದು 2010ರ ಕೊರಿಯಾ ಅಧ್ಯಯನ ಹೇಳಿದರೆ, 2013ರಲ್ಲಿ ಆಸ್ಟ್ರೇಲಿಯಾದವರು 12 ವಾರ ಕೊಟ್ಟು ನೋಡಿದಾಗ ತೂಕ ಇಳಿಯಲಿಲ್ಲ. ಬದಲಿಗೆ ಯಕೃತ್ತಿನಲ್ಲಿ ಕೊಬ್ಬು ಹೆಚ್ಚಿತು.